ಒಂದೇ ಗೋಧಿಯ ಎರಡು ಪಾಲು

ಬೈಲಹೊಂಗಲದ ಓಣಿಯಲ್ಲಿ ಒಂದು ಮನೆಗೆ ಶುಭವಾರ್ತೆ ಬಂದಿತೆಂಬುದನ್ನು ತಿಳಿಯಲು ಲಗ್ನಪತ್ರಿಕೆಯ ದಾರಿ ಕಾಯಬೇಕಾಗಿಲ್ಲ. ತಲೆಯೆತ್ತಿ ಮಾಳಿಗೆಯ ಕಡೆಗೆ ನೋಡಿದರೆ ಸಾಕು. ಅಲ್ಲಿ ಒಗೆದ ಬಿಳಿಯ ಧೋತರ ಹಾಸಿದೆ. ಅದರ ಮೇಲೆ ಹಪ್ಪಳ, ಸಂಡಿಗೆ, ಕುರಡಿಗೆಗಳು ಸಾಲುಸಾಲಾಗಿ ಬಿಸಿಲಿಗೆ ಮೈಯೊಡ್ಡಿವೆ. ಮೂಲೆಯ ನೆರಳಿನಲ್ಲಿ ಒಬ್ಬ ಹುಡುಗ ಕೋಲು ಹಿಡಿದು ಕಾಗೆಗಳನ್ನು ಓಡಿಸುತ್ತ ಕುಳಿತಿದ್ದಾನೆ. ಬೇಸಗೆಯ ಸಂಡಿಗೆ ಎಲ್ಲ ಮನೆಗಳಲ್ಲಿಯೂ ಆಗುತ್ತದೆ, ನಿಜ. ಆದರೆ ಒಂದು ಧೋತರದ ಬದಲು ನಾಲ್ಕು ಧೋತರ ಹಾಸಿದ್ದರೆ, ನೆರೆಮನೆಯ ಗೃಹಿಣಿಯರ ಬಳೆಯ ಸದ್ದು ಆ ಮಾಳಿಗೆಯಿಂದ ಕೇಳಿಬರುತ್ತಿದ್ದರೆ, ಆ ಮನೆಯ ಮಗಳಿಗೋ ಮಗನಿಗೋ ಸಂಬಂಧ ಗೊತ್ತಾಯಿತೆಂದೇ ಓಣಿಯವರು ತಿಳಿಯುತ್ತಾರೆ.

ಸಿಹಿಯ ಮಾತು ಬೇರೆ. ವಾರ್ತೆ ಬಂದ ಗಳಿಗೆಗೆ ಒಂದು ಮುಷ್ಟಿ ಸಕ್ಕರೆ ಹಂಚಿದರಾಯಿತು. ಹಬ್ಬದ ದಿನ ಹೂರಣ ಕಟ್ಟಿ ಹೋಳಿಗೆ ಬೇಯಿಸಿದರಾಯಿತು. ಉಪ್ಪಿನ ತಿನಿಸಿಗೆ ಮಾತ್ರ ಮುಂಚಿನಿಂದ ಸಿದ್ಧತೆ ಬೇಕು. ಒಂದು ಮನೆತನ ತನ್ನ ಸಂತೋಷವನ್ನು ಕೆಲಸವಾಗಿ ಪರಿವರ್ತಿಸುವುದು ಇಲ್ಲಿಯೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಮಲಪ್ರಭೆಯ ನೀರು ಕುಡಿಯುವ ಈ ಸೀಮೆಯ ಶಾಕಾಹಾರಿ ಮನೆಗಳಲ್ಲಿ ಮದುವೆಯ ಮೊದಲ ಕಾರ್ಯ ಹಂದರವಲ್ಲ, ಒಳಕಲ್ಲಿನ ಪೂಜೆ.

ಇಂತಹ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಊರು ಬೈಲಹೊಂಗಲವೆಂದಿರಲಿ. ಪರದೇಶದಲ್ಲಿ ಎರಡು ವರುಷ ಓದಿ ಬಂದ ಮಗಳಿಗೆ ಒಳ್ಳೆಯ ಕಡೆ ಸಂಬಂಧ ಕೂಡಿದೆ. ತಾಯಿ ಗೋಧಿ ನೆನೆಹಾಕಿದ್ದಾಳೆ. ಮನೆಯಲ್ಲಿ ಒಬ್ಬ ದೊಡ್ಡವ್ವನಿದ್ದಾಳೆ; ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವಳು. ಕುರಡಿಗೆಯ ಪಾಕದ ಹದ ಬಲ್ಲವರಲ್ಲಿ ಅವಳನ್ನು ಮೀರಿಸುವವರು ಆ ಓಣಿಯಲ್ಲಿಲ್ಲ. ಇನ್ನು ಆ ಮಗಳು ಪರದೇಶದಿಂದ ಪದವಿಯ ಜೊತೆಗೆ ಒಂದು ವಿಚಿತ್ರವಾದ ಅಡಿಗೆಯನ್ನೂ ಕಲಿತು ಬಂದಿದ್ದಾಳೆ. ಆ ಅಡಿಗೆಯ ಹೆಸರು ಕೇಳಿದರೆ ಮನೆಯವರು ಮೂಗು ಮುರಿದಾರು: ಶಾಕಾಹಾರದ ಬೇಕನ್!

ನಾಲ್ಕು ದಿನದ ಕುರಡಿಗೆ

ಮೊದಲು ಕುರಡಿಗೆಯ ಸಂಗತಿಯನ್ನು ನೋಡೋಣ. ಏಕೆಂದರೆ ಆ ವಿಚಿತ್ರವಾದ ಅಡಿಗೆಯ ಗುಟ್ಟು ಇದರಲ್ಲಿಯೇ ಅಡಗಿದೆ.

ಹಸನು ಮಾಡಿದ ಗೋಧಿಯನ್ನು ಮೂರು ದಿನ ನೀರಿನಲ್ಲಿ ನೆನೆಹಾಕಬೇಕು. ದಿನಕ್ಕೊಮ್ಮೆ ನೀರು ಬದಲಿಸಬೇಕು. ಇಲ್ಲವಾದರೆ ಹುಳಿ ಮಿತಿಮೀರಿ ವಾಸನೆ ಕೆಡುತ್ತದೆ. ನಾಲ್ಕನೆಯ ದಿನಕ್ಕೆ ಕಾಳು ಎಷ್ಟು ಮೆತ್ತಗಾಗಿರುತ್ತದೆಂದರೆ, ಎರಡು ಬೆರಳಿನ ನಡುವೆ ಹಿಚುಕಿದರೆ ಹಾಲು ಹೊರಬೀಳುತ್ತದೆ. ಅದನ್ನು ಒಳಕಲ್ಲಿನಲ್ಲಿ ರುಬ್ಬಿ, ನೀರು ಬೆರೆಸಿ, ತೆಳುವಾದ ಬಟ್ಟೆಯಲ್ಲಿ ಹಿಂಡಿ ಸೋಸುತ್ತಾರೆ. ಪಾತ್ರೆಗೆ ಇಳಿಯುವುದು ಗೋಧಿಯ ಹಾಲು. ಬಟ್ಟೆಯಲ್ಲಿ ಉಳಿಯುವುದು ಹೊಟ್ಟು ಮತ್ತು ಒಂದು ಬಗೆಯ ಜಿಗುಟಾದ ಚರಟ. ಹಾಲನ್ನು ರಾತ್ರಿಯೆಲ್ಲ ಅಲುಗಿಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಗಟ್ಟಿಯಾದ ಬಿಳಿಯ ಪಿಷ್ಟ ತಳದಲ್ಲಿ ಕುಳಿತು ತಿಳಿನೀರು ಮೇಲೆ ನಿಲ್ಲುತ್ತದೆ. ತಿಳಿಯನ್ನು ಚೆಲ್ಲಿ, ಉಳಿದ ಗಷ್ಟನ್ನು ಉಪ್ಪು ಹಾಕಿ ಕುದಿಯುವ ನೀರಿಗೆ ಸುರಿದು ಕೈಬಿಡದೆ ತಿರುವಬೇಕು.

ಹದವೆಂಬುದು ಇಲ್ಲಿಯೇ. ಬೆಳ್ಳಗಿದ್ದ ಹಿಟ್ಟು ಬೇಯುತ್ತ ಬೇಯುತ್ತ ಗಾಜಿನಂತೆ ಹೊಳಪುಗೂಡಿ ಪಾರದರ್ಶಕವಾಗುತ್ತದೆ. ಒಂದು ನಿಮಿಷ ಮೊದಲೇ ಇಳಿಸಿದರೆ ಒಣಗಿದ ಮೇಲೆ ಮುರಿದು ನುಚ್ಚಾಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಒರಳಿನಿಂದ ಇಳಿಯುವುದೇ ಇಲ್ಲ. ಬಿಸಿಯಿರುವಾಗಲೇ ಒರಳಿಗೆ ತುಂಬಿ, ಧೋತರದ ಮೇಲೆ ಸುತ್ತುಸುತ್ತಾಗಿ ಒತ್ತಬೇಕು. ಎರಡು ಮೂರು ದಿನದ ಬಿಸಿಲು ಕಂಡರೆ ಅದು ವರುಷವಿಟ್ಟರೂ ಕೆಡದು. ಕಾದ ಎಣ್ಣೆಗೆ ಬಿಟ್ಟ ಕ್ಷಣದಲ್ಲಿ, ಒಣಗಿದಂತೆ ಕಂಡರೂ ಒಳಗೆ ಉಳಿದಿದ್ದ ಅಷ್ಟಿಷ್ಟು ತೇವ ಹಬೆಯಾಗಿ ಸಿಡಿದು, ಎಳೆಗಳೆಲ್ಲ ಅರಳಿ ಹಲವು ಪಟ್ಟು ದೊಡ್ಡದಾಗುತ್ತವೆ. ಮದುವೆಯ ಎಲೆಯ ಮೇಲೆ ಕುಳಿತ ಆ ಬಿಳಿಯ ಹೂವನ್ನು ಮುರಿಯುವ ಸದ್ದು ಕೇಳದೆ ಈ ಸೀಮೆಯ ಮಕ್ಕಳಿಗೆ ಊಟ ಪೂರ್ತಿಯಾದಂತೆ ಅನಿಸುವುದಿಲ್ಲ.

ಇನ್ನು ಬಟ್ಟೆಯಲ್ಲಿ ಉಳಿದ ಚರಟವೇನಾಯಿತು? ಹಿತ್ತಿಲಿನ ಎಮ್ಮೆಯ ಮುಂದೆ ಹೋಯಿತು. ಅದರ ವಿಚಾರ ಮಾಡುವವರು ಯಾರು?

ಎಮ್ಮೆಯ ಪಾಲಿಗೆ ಹೋದ ಸತ್ವ

ಚೀನಾದ ಪಂಡಿತರು ಅದರ ವಿಚಾರವನ್ನು ಬಹಳ ಹಿಂದೆಯೇ ಮಾಡಿದ್ದರು. ಗೋಧಿಯ ಕಾಳಿನಲ್ಲಿ ಮುಖ್ಯವಾಗಿ ಎರಡು ಪಾಲುಗಳಿವೆ. ಒಂದು ಪಿಷ್ಟ, ನೀರಿನೊಡನೆ ಹರಿದುಹೋಗುವ ಬಿಳಿಯ ಪಾಲು. ಇನ್ನೊಂದು ಅಂಟು, ಎಂದರೆ ಗ್ಲೂಟೆನ್. ನೀರಿಗೆ ಜಗ್ಗದೆ, ತೊಳೆದಷ್ಟೂ ಒಂದಕ್ಕೊಂದು ಹೆಣೆದುಕೊಂಡು ರಬ್ಬರಿನಂತೆ ಎಳೆಯುವ ಪಾಲು. ಗೋಧಿಯ ಪ್ರೋಟೀನಿನ ಬಹುಭಾಗ ಇರುವುದು ಈ ಎರಡನೆಯದರಲ್ಲಿಯೇ. ಚಪಾತಿಯ ಹಿಟ್ಟು ಹರಿಯದೆ ಲಟ್ಟಿಸಿಕೊಳ್ಳುವುದೂ, ಹೋಳಿಗೆಯ ಕಣಕ ಹೂರಣವನ್ನು ಬಿಡದೆ ಹಿಡಿದುಕೊಳ್ಳುವುದೂ ಇದರ ಬಲದಿಂದ.

೧೧ನೆಯ ಶತಮಾನದ ಚೀನೀ ವಿದ್ವಾಂಸ ಶೆನ್ ಕುವೊ ಉಕ್ಕಿನ ತಯಾರಿಕೆಯನ್ನು ವರ್ಣಿಸುವಾಗ ಇದನ್ನೇ ಉಪಮಾನವಾಗಿ ತೆಗೆದುಕೊಂಡ: ಹಿಟ್ಟನ್ನು ತೊಳೆದು ತೊಳೆದು ಕೊನೆಗೆ ಅಂಟು ಉಳಿಯುವಂತೆ, ಕಬ್ಬಿಣವನ್ನು ಕಾಸಿ ಬಡಿದಾಗ ಉಕ್ಕು ಉಳಿಯುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಅಂದರೆ ಆ ಕಾಲಕ್ಕಾಗಲೇ ಹಿಟ್ಟು ತೊಳೆಯುವುದು ಅಲ್ಲಿ ಎಲ್ಲರೂ ಬಲ್ಲ ಸಂಗತಿಯಾಗಿತ್ತೆಂದಾಯಿತು. ಮಾಂಸ ಬಿಟ್ಟ ಬೌದ್ಧ ಭಿಕ್ಷುಗಳ ಮಠಗಳಲ್ಲಿ ಈ ಅಂಟಿನಿಂದ ಬಗೆಬಗೆಯ ವ್ಯಂಜನಗಳು ಬೆಳೆದವು. ಯುರೋಪಿನಲ್ಲಿ ಇದನ್ನು ಶಾಸ್ತ್ರೀಯವಾಗಿ ಬೇರ್ಪಡಿಸಿ ತೋರಿಸಿದವನು ಇಟಲಿಯ ಬೊಲೋನ್ಯಾ ನಗರದ ಬೆಕ್ಕಾರಿ. ಅವನ ಪ್ರಬಂಧ ಅಚ್ಚಾದುದು ೧೭೪೫ರಲ್ಲಿ. ಅಮೆರಿಕದಲ್ಲಿ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದ ಡಾಕ್ಟರ್ ಜಾನ್ ಹಾರ್ವೆ ಕೆಲ್ಲಾಗ್ ಈ ಅಂಟಿನೊಡನೆ ಶೇಂಗಾ ಬೆರೆಸಿ ಮಾಂಸಕ್ಕೆ ಬದಲಾದ ಆಹಾರವನ್ನು ತನ್ನ ರೋಗಿಗಳಿಗೆ ಬಡಿಸಿದ. ಜಪಾನಿನಲ್ಲಿ ೧೯೬೦ರ ದಶಕದಲ್ಲಿ ಇದಕ್ಕೆ ಸೇತಾನ್ ಎಂಬ ಹೊಸ ಹೆಸರು ಹುಟ್ಟಿತು. ಆ ಹೆಸರಿನಿಂದಲೇ ಅದು ಇಂದು ಪಶ್ಚಿಮ ದೇಶಗಳ ಅಂಗಡಿಗಳಲ್ಲಿ ದೊರೆಯುತ್ತದೆ.

ಬೈಲಹೊಂಗಲದ ಮನೆ ಪಿಷ್ಟವನ್ನು ಇಟ್ಟುಕೊಂಡು ಅಂಟನ್ನು ಎಮ್ಮೆಗೆ ಹಾಕಿತು. ಚೀನಾದ ಮಠ ಅಂಟನ್ನು ಎಲೆಗೆ ಬಡಿಸಿತು. ಕಾಳು ಒಂದೇ, ತೊಳೆಯುವ ನೀರೂ ಒಂದೇ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಹೊರಗಿಡಬೇಕು ಎಂಬ ರೂಢಿ ಮಾತ್ರ ಬೇರೆ.

ಬೇಕನ್ ಎಂಬ ಪರದೇಶಿ

ಬೇಕನ್ನೆಂದರೆ ಹಂದಿಯ ಮಾಂಸವನ್ನು ಉಪ್ಪಿನಲ್ಲಿ ಊರಿಸಿ, ಅನೇಕ ವೇಳೆ ಹೊಗೆಯನ್ನೂ ಹಿಡಿಸಿ, ತೆಳುವಾದ ಪಟ್ಟಿಗಳಾಗಿ ಕತ್ತರಿಸಿ ಹುರಿಯುವ ಪದಾರ್ಥ. ಇಂಗ್ಲಿಷರ ಮತ್ತು ಅಮೆರಿಕನರ ಬೆಳಗಿನ ಊಟದಲ್ಲಿ ಅದಕ್ಕೆ ದೊಡ್ಡ ಮರ್ಯಾದೆ. ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳ ಹುಡುಗರಿಗೆ ಅಲ್ಲಿನ ವಸತಿಗೃಹದ ಅಡಿಗೆಮನೆಯಲ್ಲಿ ಅದರ ವಾಸನೆಯೇ ಮೊದಲ ಸಂಕಟ. ಇದು ಹೊಸ ಸಂಕಟವೇನೂ ಅಲ್ಲ. ೧೮೮೮ರಲ್ಲಿ ಲಂಡನ್ನಿಗೆ ಕಾಲಿಟ್ಟ ಮೋಹನದಾಸ ಗಾಂಧಿ ಎಂಬ ತರುಣ ತಾಯಿಗೆ ಕೊಟ್ಟ ಮಾತಿಗಾಗಿ ಅರೆಹೊಟ್ಟೆಯಲ್ಲಿ ದಿನ ಕಳೆದು, ಕೊನೆಗೆ ಶಾಕಾಹಾರದ ಭೋಜನಗೃಹವೊಂದನ್ನು ಹುಡುಕಿಕೊಂಡುದು ಎಲ್ಲರಿಗೂ ತಿಳಿದ ಕಥೆ. ೧೯೨೪ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಪೀಠದಲ್ಲಿ ಕುಳಿತವರೂ ಅವರೇ.

ಗಾಂಧೀಜಿ ಲಂಡನ್ನಿಗೆ ಹೋಗುವ ಮೊದಲೇ, ೧೮೪೭ರಲ್ಲಿ, ಇಂಗ್ಲೆಂಡಿನಲ್ಲಿ ಶಾಕಾಹಾರಿಗಳ ಸಂಘ ಹುಟ್ಟಿಯಾಗಿತ್ತು. ಈಗಂತೂ ಅಲ್ಲಿನ ಅನೇಕರು ಪ್ರಾಣಿದಯೆಯಿಂದಲೋ ಆರೋಗ್ಯಕ್ಕೆಂದೋ ಮಾಂಸ ಬಿಟ್ಟಿದ್ದಾರೆ. ಆದರೆ ಬಾಲ್ಯದ ನಾಲಗೆ ಅಷ್ಟು ಸುಲಭವಾಗಿ ಬಿಡುತ್ತದೆಯೆ? ಅದಕ್ಕಾಗಿ ಬೇಕನ್ನಿನ ಗುಣಗಳನ್ನು ಬೇರೆ ಪದಾರ್ಥದಲ್ಲಿ ತರುವ ವಿದ್ಯೆ ಬೆಳೆಯಿತು. ಅಕ್ಕಿಯ ತೆಳುಹಾಳೆ, ಸೋಯಾ ಹಾಲಿನ ಗಿಣ್ಣು, ಅಣಬೆ, ತೆಂಗಿನ ಚೂರು, ಗೋಧಿಯ ಅಂಟು: ಇವೆಲ್ಲ ಅದಕ್ಕೆ ಒದಗಿವೆ. ಲೆಕ್ಕ ಹಾಕಿ ನೋಡಿದರೆ ಬೇಕನ್ನಿನ ರುಚಿ ನಾಲ್ಕು ಸಂಗತಿಗಳಲ್ಲಿ ಮುಗಿಯುತ್ತದೆ: ಉಪ್ಪು, ಹೊಗೆ, ಜಿಡ್ಡು ಮತ್ತು ಗರಿಗರಿ. ಈ ನಾಲ್ಕರಲ್ಲಿ ಪ್ರಾಣಿಯ ಸ್ವತ್ತು ಯಾವುದೂ ಅಲ್ಲ. ಹಪ್ಪಳವನ್ನು ಕೆಂಡದ ಮೇಲೆ ಸುಟ್ಟು, ಎಣ್ಣೆ ಸವರಿ ತಿನ್ನುವ ಮನೆಗೆ ಈ ಮಾತನ್ನು ವಿವರಿಸಿ ಹೇಳಬೇಕೆ?

ಮನೆಯಲ್ಲಿ ಮಾಡುವ ಬಗೆ

ಒಂದು ಕಿಲೋ ಗೋಧಿಯ ಹಿಟ್ಟನ್ನು ಚಪಾತಿಯ ಹದಕ್ಕಿಂತ ತುಸು ಗಟ್ಟಿಯಾಗಿ ನಾದಬೇಕು. ಈ ಸೀಮೆಯ ಜವೆಗೋಧಿ ಶ್ಯಾವಿಗೆಗೂ ಮಾದಲಿಗೂ ಹೆಸರಾದುದು. ಆದರೆ ಅದರ ಅಂಟು ದುರ್ಬಲ, ತೊಳೆದರೆ ನಿಲ್ಲುವುದಿಲ್ಲ. ಆದುದರಿಂದ ಚಪಾತಿಯ ಸಾಧಾರಣ ಗೋಧಿಯೇ ವಾಸಿ; ಮೈದಾ ಹಿಟ್ಟಿನಲ್ಲಿ ಹೊಟ್ಟಿಲ್ಲದ ಕಾರಣ ಕೆಲಸ ಇನ್ನೂ ಸುಲಭ. ನಾದಿದ ಮುದ್ದೆಯನ್ನು ಒಂದು ಗಂಟೆಯ ಕಾಲ ನೀರಿನಲ್ಲಿ ಮುಳುಗಿಸಿಡಬೇಕು. ಆಮೇಲೆ ಆ ನೀರಿನಲ್ಲಿಯೇ ಮುದ್ದೆಯನ್ನು ಎರಡೂ ಕೈಗಳಿಂದ ಮೆಲ್ಲಗೆ ಹಿಸುಕಬೇಕು. ನೀರು ಹಾಲಾಗುತ್ತದೆ. ಅದನ್ನು ಚೆಲ್ಲದೆ ಬೇರೆ ಪಾತ್ರೆಗೆ ಬಗ್ಗಿಸಿ, ಹೊಸ ನೀರು ಹಾಕಿ ಮತ್ತೆ ಹಿಸುಕಬೇಕು. ನಡುವೆ ಒಮ್ಮೆ ಮುದ್ದೆ ಹರಿದು ಚೂರುಚೂರಾಗಿ, ಎಲ್ಲವೂ ಕೆಟ್ಟಿತೆಂದು ತೋರುತ್ತದೆ. ಹೊಸಬರು ಕೈಬಿಡುವುದು ಇಲ್ಲಿಯೇ. ತಾಳ್ಮೆಯಿಂದ ಚೂರುಗಳನ್ನು ಕೂಡಿಸಿ ಒತ್ತುತ್ತ ಹೋದರೆ ಅವು ತಾವಾಗಿಯೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಐದಾರು ನೀರು ಬದಲಿಸಿ, ನೀರು ಬಹುಮಟ್ಟಿಗೆ ತಿಳಿಯಾದಾಗ ಕೈಯಲ್ಲಿ ಉಳಿಯುವುದು ಕಾಲು ಕಿಲೋ ಅಥವಾ ತುಸು ಹೆಚ್ಚು ತೂಗುವ, ಎಳೆದರೆ ಎಳೆಯುವ ಅಂಟು.

ಇದರಲ್ಲಿ ಮೂರನೆಯ ಒಂದು ಪಾಲನ್ನು ಉಪ್ಪು ಮಾತ್ರ ಹಾಕಿ ಬೆಳ್ಳಗೆ ಬಿಡಬೇಕು. ಅದು ಜಿಡ್ಡಿನ ಬಿಳಿಯ ಪಟ್ಟೆಯ ಜಾಗಕ್ಕೆ. ಉಳಿದುದಕ್ಕೆ ಒಂದು ಚಮಚೆ ಉಪ್ಪು, ಎರಡು ಚಮಚೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಎರಡು ಚಮಚೆ ಬೆಲ್ಲ, ಅರ್ಧ ಚಮಚೆ ಕರಿಮೆಣಸಿನ ಪುಡಿ, ಸ್ವಲ್ಪ ಹುಣಿಸೆಯ ರಸ, ಸ್ವಲ್ಪ ಎಣ್ಣೆ ಹಾಕಿ ನಾದಬೇಕು. ಬ್ಯಾಡಗಿಯೇ ಏಕೆಂದರೆ ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಪಶ್ಚಿಮದವರು ಇದೇ ಬಣ್ಣಕ್ಕೆ ಹೊಗೆಯಲ್ಲಿ ಒಣಗಿಸಿದ ಸ್ಪೇನ್ ದೇಶದ ಮೆಣಸಿನ ಪುಡಿಯನ್ನು ತರಿಸುತ್ತಾರೆ. ನಮಗೆ ಹಾವೇರಿ ಜಿಲ್ಲೆಯ ಪೇಟೆಯೇ ಸಾಕು. ಕೆಂಪು, ಬಿಳಿ, ಕೆಂಪು ಎಂದು ಪದರಗಳನ್ನು ಒಂದರ ಮೇಲೊಂದು ಒತ್ತಿ ಚಪ್ಪಟೆ ಮಾಡಿ, ಎಣ್ಣೆ ಸವರಿದ ತಟ್ಟೆಯಲ್ಲಿಟ್ಟು ಅರ್ಧ ಗಂಟೆ ಹಬೆಯಲ್ಲಿ ಬೇಯಿಸಬೇಕು. ಪೂರ್ತಿ ಆರಿದ ಮೇಲೆ ಹರಿತವಾದ ಚಾಕುವಿನಿಂದ ಕಾಗದದಂತೆ ತೆಳುವಾದ ಪಟ್ಟಿಗಳನ್ನು ಕತ್ತರಿಸಬೇಕು.

ಹೊಗೆಗೆ ಒಂದು ಉಪಾಯವಿದೆ. ಪಟ್ಟಿಗಳನ್ನು ಅಗಲವಾದ ಪಾತ್ರೆಯಲ್ಲಿ ಹರಡಿ, ನಡುವೆ ಸಣ್ಣ ಬಟ್ಟಲಿನಲ್ಲಿ ಉರಿಯುವ ಕೆಂಡವನ್ನಿಟ್ಟು, ಅದರ ಮೇಲೆ ಎರಡು ಹನಿ ತುಪ್ಪ ಬಿಟ್ಟು ತಟಕ್ಕನೆ ಮುಚ್ಚಬೇಕು. ಹತ್ತು ನಿಮಿಷದಲ್ಲಿ ಹೊಗೆ ಪಟ್ಟಿಗಳಿಗೆ ಹಿಡಿಯುತ್ತದೆ. ಬಳಿಕ ಕಾವಲಿಯ ಮೇಲೆ ಧಾರಾಳವಾಗಿ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಕೆಂಪಗಾಗುವಂತೆ ಹುರಿದರೆ ಮುಗಿಯಿತು. ಬಿಸಿ ಜೋಳದ ರೊಟ್ಟಿಯ ಜೊತೆಗೆ ತಿಂದವರು ಇದರ ಹೆಸರನ್ನು ಮರೆತಾರು, ರುಚಿಯನ್ನು ಮರೆಯಲಾರರು. ಗೋಧಿಯ ಅಂಟು ಒಗ್ಗದ ಪ್ರಕೃತಿಯವರು ಮಾತ್ರ ಇದರಿಂದ ದೂರವಿರಬೇಕು.

ತೊಳೆದ ನೀರನ್ನು ಚೆಲ್ಲಬಾರದೆಂದು ಮೇಲೆ ಹೇಳಿದುದಕ್ಕೆ ಕಾರಣವಿದೆ. ಆ ಹಾಲು ರಾತ್ರಿ ಕಳೆದು ಗಷ್ಟಾಗುತ್ತದೆ. ಅದು ಕುರಡಿಗೆಯ ಗಷ್ಟೇ. ಹೀಗೆ ಒಂದೇ ಹಿಟ್ಟಿನಿಂದ ಎರಡು ಅಡಿಗೆ. ಎಮ್ಮೆಗೆ ಉಳಿಯುವುದು ಬರಿಯ ಹೊಟ್ಟು.

ಮೊದಲ ಕೈ ಯಾರದು?

ಈಗ ನಮ್ಮ ಮನೆಗೆ ಮರಳೋಣ. ಗೋಧಿ ನೆನೆದು ಮೂರು ದಿನ ತುಂಬುತ್ತ ಬಂದಿದೆ. ನಾಳೆ ಬೆಳಿಗ್ಗೆ ಐವರು ಮುತ್ತೈದೆಯರು ಬಂದು ಒಳಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಮೊದಲ ಹಿಡಿ ಗೋಧಿಯನ್ನು ರುಬ್ಬಬೇಕು. ಅದು ಪದ್ಧತಿ. ಆ ಪದ್ಧತಿಯಲ್ಲಿ ದೊಡ್ಡವ್ವನ ಜಾಗ ಎಲ್ಲಿ? ಗೋಧಿಯನ್ನು ಆರಿಸಿಕೊಟ್ಟವಳು ಅವಳು. ನೀರು ಬದಲಿಸಿದವಳು ಅವಳು. ಪಾಕ ಏರುವಾಗ ಎಲ್ಲರೂ ಮುಖ ನೋಡುವುದು ಅವಳನ್ನೇ. ಆದರೆ ಮೊದಲ ಕೈ ಹಚ್ಚುವ ಗಳಿಗೆಯಲ್ಲಿ ಅವಳು ಯಾರೂ ಹೇಳದೆಯೇ ಎದ್ದು ಒಳಕೋಣೆಗೆ ಹೋಗುತ್ತಾಳೆ. ಇಷ್ಟು ವರುಷ ಹಾಗೆಯೇ ನಡೆದಿದೆ. ಅದರಲ್ಲಿ ಯಾರ ಕ್ರೌರ್ಯವೂ ಇಲ್ಲ. ರೂಢಿಗೆ ಕ್ರೌರ್ಯ ಬೇಕಾಗುವುದಿಲ್ಲ.

ಆದರೆ ಈ ನೆಲದ ಮಾತೇ ಬೇರೆ. ಬೈಲಹೊಂಗಲದಲ್ಲಿ ಜನ ಕೈಮುಗಿದು ನಿಲ್ಲುವ ಸಮಾಧಿ ಯಾರದು? ಗಂಡನನ್ನು ೧೮೧೬ರಲ್ಲಿ ಕಳೆದುಕೊಂಡ ಕಿತ್ತೂರು ರಾಣಿ ಚೆನ್ನಮ್ಮನದು. ಸಂಸ್ಥಾನಕ್ಕೆ ದತ್ತಕ ಬಂದ ಮಗುವನ್ನು ಕಂಪನಿ ಸರಕಾರ ಒಪ್ಪದೆ ಹೋದಾಗ, ಎಂದರೆ ಒಂದು ಮನೆತನದ ಶುಭವಾರ್ತೆಯನ್ನೇ ಅಮಾನ್ಯ ಮಾಡಿದಾಗ, ಮುಂದೆ ನಿಂತವಳು ಅವಳು. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕೋಟೆ ಕೈಬಿಟ್ಟಿತು. ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ರಾಣಿ ತೀರಿಕೊಂಡಳು. ಇಂದು ಅವಳ ಹೆಸರಿನಲ್ಲಿ ಪ್ರತಿ ಅಕ್ಟೋಬರಿನಲ್ಲಿಯೂ ಉತ್ಸವ ನಡೆಯುತ್ತದೆ. ಅವಳ ಚಿತ್ರ ಗೋಡೆಯ ಮೇಲಿಲ್ಲದ ಶಾಲೆ ಈ ಸೀಮೆಯಲ್ಲಿ ಅಪರೂಪ.

ಸವದತ್ತಿಯ ಗುಡ್ಡಕ್ಕೆ ಹೋದರೆ ಎಲ್ಲಮ್ಮ. ಹೋಳಿಗೆ, ಕಡಬು, ಪಲ್ಯಗಳನ್ನು ಕಟ್ಟಿಕೊಂಡು ಹೋಗಿ ಭಕ್ತರು ಅಲ್ಲಿ ಪಡ್ಡಲಗಿ ತುಂಬಿಸುತ್ತಾರೆ. ಹೊಸ್ತಿಲ ಹುಣ್ಣಿಮೆಯಲ್ಲಿ ಆ ದೇವಿ ಜಮದಗ್ನಿಯನ್ನು ಕಳೆದುಕೊಂಡು ವಿಧವೆಯಾಗುತ್ತಾಳೆ. ಭಾರತ ಹುಣ್ಣಿಮೆಯಲ್ಲಿ ಮತ್ತೆ ಮುತ್ತೈದೆಯಾಗುತ್ತಾಳೆ. ನಡುವಿನ ಎರಡು ತಿಂಗಳು ಅವಳು ದೇವಿಯಲ್ಲವೆಂದು ಯಾರಾದರೂ ಹೇಳಿಯಾರೆ? ರಾಮದುರ್ಗದ ಕಡೆಗೆ ನಡೆದರೆ ಸುರೇಬಾನದ ಹತ್ತಿರ ಶಬರಿಕೊಳ್ಳ. ಕಾಡಿನ ಮುದುಕಿಯೊಬ್ಬಳು ತಾನು ಕಚ್ಚಿ ರುಚಿ ನೋಡಿದ ಹಣ್ಣನ್ನು ರಾಮನಿಗೆ ಕೊಟ್ಟ ಜಾಗ ಅದೆಂದು ಜನರ ನಂಬಿಕೆ. ಕೊಟ್ಟ ಕೈ ಯಾರದೆಂದು ರಾಮ ಕೇಳಲಿಲ್ಲ.

ಹೀಗೆ ಗುಡಿಯಲ್ಲಿ, ಗುಡ್ಡದಲ್ಲಿ, ಸಮಾಧಿಯಲ್ಲಿ ಯಾವ ಕೈಗೆ ನಮಸ್ಕಾರವಿದೆಯೋ, ಒಳಕಲ್ಲಿನ ಬಳಿ ಅದೇ ಕೈಗೆ ಎಡೆಯಿಲ್ಲ. ವಿಧವೆಯರ ಪುನರ್ವಿವಾಹಕ್ಕೆ ಕಾನೂನು ೧೮೫೬ರಲ್ಲಿಯೇ ದಾರಿ ತೆರೆಯಿತು. ೧೨ನೆಯ ಶತಮಾನದ ಶರಣರ ಮಾರ್ಗವಂತೂ ಸೂತಕಗಳನ್ನೇ ತಳ್ಳಿಹಾಕಿತ್ತು. ಆದರೆ ಕಾಯಿದೆಯೂ ತತ್ತ್ವವೂ ಪಡಸಾಲೆಯವರೆಗೆ ಬಂದು ನಿಲ್ಲುತ್ತವೆ. ಅಡಿಗೆಮನೆಯ ಹೊಸ್ತಿಲನ್ನು ಅವು ದಾಟಬೇಕಾದರೆ ಮನೆಯವರೇ ಕೈಹಿಡಿದು ಕರೆತರಬೇಕು.

ಶಾಸ್ತ್ರವಿಲ್ಲದ ಅಡಿಗೆ

ಅಂದು ಸಂಜೆ ಮಗಳು ಹಿತ್ತಿಲ ಕಟ್ಟೆಯ ಮೇಲೆ ಬುಟ್ಟಿಯಷ್ಟು ಅಗಲದ ಪಾತ್ರೆಯಲ್ಲಿ ನೀರಿಟ್ಟುಕೊಂಡು, ನಾದಿದ ಹಿಟ್ಟನ್ನು ಹಿಸುಕುತ್ತ ಕುಳಿತಿದ್ದಾಳೆ. ಅಲ್ಲಿ ಅವಳು ಬಳಸುತ್ತಿದ್ದುದು ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ ಅಂಟಿನ ಪುಡಿ. ಹಿಟ್ಟು ತೊಳೆಯುವ ಕೆಲಸ ಅವಳಿಗೆ ಹೊಸದು. ಮೂರನೆಯ ನೀರಿಗೆ ಮುದ್ದೆ ಚೂರುಚೂರಾಗಿ ಹರಿದಿದೆ.

"ದೊಡ್ಡವ್ವಾ, ಇದು ನನ್ನ ಕೈಯಾಗ ನಿಲ್ಲವಲ್ದು. ನೀವು ಒಂದೀಟು ನೋಡ್ರಿ" ಎಂದು ಅವಳು ಕೂಗಿದಳು.

ದೊಡ್ಡವ್ವ ಬಾಗಿಲಿನಲ್ಲಿಯೇ ನಿಂತಳು. "ಲಗ್ನದ ಮನಿ ಅಡಿಗಿ ಅದವ್ವಾ. ಮೊದಲಿಗೆ ನಾ ಮುಟ್ಟಬಾರದು. ನಿಮ್ಮವ್ವನ್ನ ಕರಿ."

"ಇದಕ್ಕ ಯಾವ ಶಾಸ್ತ್ರಾನೂ ಇಲ್ಲರಿ ದೊಡ್ಡವ್ವಾ. ಈ ಊರಾಗ ಇದನ್ನ ಇಲ್ಲೀತನಕ ಯಾರೂ ಮಾಡೇ ಇಲ್ಲ. ಮೊದಲ ಯಾರು ಮುಟ್ಟಬೇಕು ಅಂತ ಹೇಳಾವರರೆ ಯಾರು?"

ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಟ್ಟೆಯ ಮೇಲೆ ಕುಳಿತು, ನೀರಿನೊಳಗೆ ಎರಡೂ ಕೈ ಇಟ್ಟಳು. ಚೂರುಗಳನ್ನು ಒಂದೊಂದಾಗಿ ಕೂಡಿಸಿ, ಅಂಗೈಯ ಬುಡದಿಂದ ಮೆಲ್ಲಗೆ ಒತ್ತುತ್ತ ಹೋದಳು. ಬಟ್ಟೆಯಲ್ಲಿ ಗೋಧಿ ಹಿಂಡಿ ಹಿಂಡಿ ಪಳಗಿದ ಕೈಗೆ ಇದೇನು ಹೊಸದೆ? ಐದನೆಯ ನೀರಿಗೆ ಮುದ್ದೆ ಒಂದಾಯಿತು. ಎಳೆದು ನೋಡಿ ಅವಳು ನಕ್ಕಳು. "ಇಷ್ಟು ವರ್ಷ ಎಮ್ಮಿಗೆ ಹಾಕಿದ್ದು ಇದನ್ನ ಏನು?" ಎಂದಳು. ಹಾಲಾದ ನೀರನ್ನೆಲ್ಲ ಮಗಳು ಒಂದು ಕೊಳಗದಲ್ಲಿ ಸೋಸಿ ಮುಚ್ಚಿಟ್ಟಳು.

ರಾತ್ರಿ ಅಡಿಗೆಯಾಯಿತು. ಕಾವಲಿಯ ಮೇಲೆ ಕೆಂಪು ಬಿಳಿಯ ಪಟ್ಟಿಗಳು ಚುರುಗುಟ್ಟಿದವು. ಮನೆಯ ಹಿರಿಯರು ಹೆಸರನ್ನು ಕೇಳದೆ ಮೊದಲು ರುಚಿ ನೋಡಿದರು. ರುಚಿ ನೋಡಿದ ಮೇಲೆ ಹೆಸರು ಕೇಳುವ ಗೊಡವೆಗೆ ಹೋಗಲಿಲ್ಲ. ಶುಭವಾರ್ತೆಯ ಮೊದಲ ತಿನಿಸು ಹೀಗೆ ದೊಡ್ಡವ್ವನ ಕೈಯಿಂದ ಎಲ್ಲರ ತಾಟಿಗೆ ಬಂದಿತು.

ಮರುದಿನ ಬೆಳಿಗ್ಗೆ ಮುತ್ತೈದೆಯರು ಬಂದರು. ಒಳಕಲ್ಲಿಗೆ ಪೂಜೆಯಾಯಿತು, ಗೋಧಿ ರುಬ್ಬಿದ್ದಾಯಿತು, ಸೋಸಿದ್ದಾಯಿತು. ಆ ಹಾಲೂ ಒಂದು ರಾತ್ರಿ ಕುಳಿತು ಗಷ್ಟಾಯಿತು. ಅದರ ಮರುದಿನ, ಪಾಕಕ್ಕೆ ನೀರು ಕುದಿಯುತ್ತಿರುವಾಗ ತಾಯಿಯ ಕಣ್ಣು ಕಟ್ಟೆಯ ಮೂಲೆಯ ಕೊಳಗದ ಮೇಲೆ ಬಿತ್ತು. ದಿನಕ್ಕೊಮ್ಮೆ ನೀರು ಬದಲಿಸಿ ಇಟ್ಟಿದ್ದ, ಮೊನ್ನೆ ಸಂಜೆಯ ಬಿಳಿಯ ಗಷ್ಟು ಅದರ ತಳದಲ್ಲಿ ಗಟ್ಟಿಯಾಗಿ ಕುಳಿತಿತ್ತು. ಅದು ಯಾರ ಕೈಯಿಂದ ಇಳಿದುದೆಂಬುದು ತಾಯಿಗೆ ಗೊತ್ತು. ಸುತ್ತ ಕುಳಿತವರಲ್ಲಿ ಒಬ್ಬಿಬ್ಬರಿಗೂ ಗೊತ್ತು. ಒಲೆಯ ಮುಂದೆ ಒಂದು ಕ್ಷಣ ಯಾರೂ ಮಾತನಾಡಲಿಲ್ಲ.

ತಾಯಿ ಕೊಳಗವನ್ನೆತ್ತಿ ತಿಳಿನೀರು ಚೆಲ್ಲಿ, ಆ ಗಷ್ಟನ್ನೇ ಮೊದಲು ಕುದಿಯುವ ನೀರಿಗೆ ಸುರಿದಳು. ಅದರ ಮೇಲೆ ಉಳಿದುದನ್ನು ಸುರಿದಳು. ಆಮೇಲೆ ಒಳಕೋಣೆಯ ಕಡೆಗೆ ಮುಖ ಮಾಡಿ ಕರೆದಳು:

"ಅಕ್ಕಾರ, ಹೊರಗ ಬರ್ರಿ. ಪಾಕ ಏರಾಕತ್ತೈತಿ, ಹದಾ ನೀವ ನೋಡಬೇಕು."

ಮಧ್ಯಾಹ್ನದ ಹೊತ್ತಿಗೆ ಮಾಳಿಗೆಯ ಮೇಲೆ ನಾಲ್ಕು ಧೋತರಗಳು ತುಂಬಿದ್ದವು.